ಆಟಿಯಲ್ಲಿ ಬಿಚ್ಚಿದ ಇಂಜಿನು

ಹೊಸಂಗಡಿಯಲ್ಲಿ ವರ್ಕಾಡಿಯ ಬಸ್ಸಿಗೆ ಕಾಯುವುದೆಂದರೆ ಒಂದು ತಪಸ್ಸು. ಬಸ್ಸು ಬರುವಷ್ಟರಲ್ಲಿ ಪಕ್ಕದಲ್ಲಿ ನಿಂತವರ ಮಗಳ ಮದುವೆ, ಬಾಣಂತನ ಎಲ್ಲದರ ಸುದ್ದಿಯೂ ಮುಗಿದಿರುತ್ತದೆ. ಹೋದ ಮಳೆಗಾಲದಲ್ಲಿ ಹಾಗೆ ಕಾಯುತ್ತ, ಲಾರಿಗಳು ಹಾರಿಸುವ ಕೆಸರಿಗೆ ಹೆದರಿ ಅಂಗಡಿ ಸಾಲಿನ ಹಿಂದಕ್ಕೆ ಸರಿದು ನಿಂತಾಗ ಆ ವಾಸನೆ ಬಂತು. ಸುಟ್ಟ ಆಯಿಲು, ಸೀಮೆಎಣ್ಣೆ, ಅದರ ಜೊತೆಗೆ ತೆಳುವಾಗಿ ಅರಗಿನ ವಾಸನೆ. ಇಂಜಿನಿನ ಎರಡು ಭಾಗಗಳನ್ನು ಕೂಡಿಸುವಾಗ ನಡುವಿನ ಕಾಗದಕ್ಕೆ ಹಚ್ಚುವ ಅರಗು ಅದು. ಗ್ಯಾರೇಜುಗಳ ಮುಂದೆ ಜೀವಮಾನವಿಡೀ ಓಡಾಡಿದ್ದೇನೆ. ಆಯಿಲಿಗೂ ಸೀಮೆಎಣ್ಣೆಗೂ ಮೂಗು ಒಗ್ಗಿಹೋಗಿದೆ. ಅರಗಿನ ವಾಸನೆ ಮಾತ್ರ ಆ ಒಂದು ಆಟಿ ತಿಂಗಳು ಕಳೆದ ಮೇಲೆ ನನಗೆ ಮತ್ತೆ ಸಿಕ್ಕಿರಲಿಲ್ಲ. ಕಾಲು ತಾನಾಗಿಯೇ ಒಳಗೆ ಹೋಯಿತು.

ಅದು ಇಸ್ಮಾಯಿಲನ ಗ್ಯಾರೇಜು. ಅವನ ಅಣ್ಣ ನನ್ನ ಶಾಲೆಯಲ್ಲಿ ಕಲಿತವನು, ಆದ್ದರಿಂದ ಅವನಿಗೂ ನಾನು ಟೀಚರೇ. ಗಡ್ಡ ನರೆತಿದೆ, ಕನ್ನಡಕ ಬಂದಿದೆ. ಮಂಗಳೂರಿನ ಯಾರೋ ಶೋಕಿಗಾರರ ಹಳೆಯ ಕಾರಿನ ಇಂಜಿನನ್ನು ಮೇಜಿನ ಮೇಲಿಟ್ಟು ಅದರ ಮುಂದಿನ ಮುಚ್ಚಳ ತೆಗೆದಿದ್ದ. ಒಳಗೆ ಒಂದು ದೊಡ್ಡ ಚಕ್ರ, ಒಂದು ಚಿಕ್ಕ ಚಕ್ರ, ಎರಡನ್ನೂ ಸುತ್ತಿದ ಚೈನು. ನಾನು ಅದನ್ನೇ ನೋಡುತ್ತ ನಿಂತೆ. "ಎಂತ ಟೀಚರೇ, ಹುಷಾರಿಲ್ವಾ?" ಎಂದು ಅವನು ಸ್ಟೂಲು ಎಳೆದು ಕೊಟ್ಟ. ಕೆಲವು ಹಳೆಯ ಸಾಮಾನು ತಂದರೆ ನೋಡಿ ಹೇಳುತ್ತೀಯಾ ಎಂದು ಕೇಳಿದೆ. ಎಷ್ಟು ಹಳತು ಎಂದ. ನೀನು ಹುಟ್ಟುವ ಮೊದಲಿನದ್ದು ಎಂದೆ.

ನನ್ನ ಮದುವೆಯಾದ ವರ್ಷ ಕಾಸರಗೋಡು ಇನ್ನೂ ಮದ್ರಾಸಿನ ಕೈಯಲ್ಲಿತ್ತು. ನಮ್ಮವರ ಹೆಸರು ವಾಸುದೇವ, ಊರಿಗೆಲ್ಲ ವಾಸಣ್ಣ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ರಿಪೇರಿಯಲ್ಲಿ ದುಡಿದು ಬಂದವರು, ಹೊಸಂಗಡಿಯ ಮಾರ್ಗದ ಬದಿಯಲ್ಲಿ ತಗಡಿನ ಮಾಡಿನ ಕೆಳಗೆ ಸ್ವಂತ ವರ್ಕ್‌ಶಾಪ್ ಇಟ್ಟಿದ್ದರು. ಕೆಲಸಗಾರ ಒಳ್ಳೆಯವನೇ, ಆದರೆ ಒಂದು ಹುಚ್ಚು ಎಂದು ಡ್ರೈವರುಗಳು ಹೇಳುತ್ತಿದ್ದರು. ಒಂದು ಬೋಲ್ಟು ಬಿಗಿ ಮಾಡಿಸಲು ಬಂದ ಬಸ್ಸು ಎರಡು ದಿನ ಅಲ್ಲೇ ನಿಲ್ಲುತ್ತಿತ್ತು. ಬಿಚ್ಚಿದ ಮೇಲೆ ಒಳಗೆ ನೋಡದೆ ಮುಚ್ಚಬಾರದು, ನೋಡಿದ ಮೇಲೆ ಸಂಶಯ ಬಂದದ್ದನ್ನು ಬಿಡಬಾರದು, ಇದು ಇವರ ವೇದವಾಕ್ಯ. ದಾರಿಯಲ್ಲಿ ನಿಂತ ಮೇಲೆ ಬದಲಿಸುವುದು ರಿಪೇರಿ, ನಿಲ್ಲುವ ಮೊದಲೇ ಬದಲಿಸುವುದು ಕೆಲಸ ಎನ್ನುತ್ತಿದ್ದರು. ಮನೆಯಲ್ಲೂ ಇದೇ ಕತೆ. ಬಾವಿಯ ಹಗ್ಗ ಇನ್ನೂ ಗಟ್ಟಿ ಇರುವಾಗಲೇ ಹೊಸತು ತಂದು ಹಾಕಿದರು, ನನ್ನ ಕೊಡೆಯ ಕಡ್ಡಿಗಳನ್ನು ಮಳೆಗಾಲಕ್ಕೆ ಮೊದಲೇ ಬಿಗಿ ಮಾಡಿದರು. ಹೊಸ ಹೆಂಡತಿಗೆ ಹೂವು ತಂದುಕೊಡುವುದು ಗೊತ್ತಿಲ್ಲದ ಮನುಷ್ಯ ಕೊಡೆ ಬಿಚ್ಚಿ ಕುಳಿತದ್ದನ್ನು ನೋಡಿ ನಾನು ನಕ್ಕಿದ್ದೆ.

ಮದುವೆಯಾಗಿ ಮೂರು ತಿಂಗಳು ತುಂಬುವ ಮೊದಲೇ ಆಟಿ ಬಂತು. ಘಟ್ಟದ ಮೇಲಿನವರಿಗೆ ಆಷಾಢ ಹೇಗೋ ತುಳುವರಿಗೆ ಆಟಿ ಹಾಗೆ. ಮಳೆ ಬಿಡುವುದಿಲ್ಲ, ಶುಭಕಾರ್ಯವಿಲ್ಲ, ಹೊಸ ಕೆಲಸವಿಲ್ಲ, ದೂರ ಪ್ರಯಾಣವಿಲ್ಲ. ಹೊಸ ಮದುಮಗಳು ಮೊದಲ ಆಟಿಯನ್ನು ತಾಯಿಯ ಮನೆಯಲ್ಲೇ ಕೂತು ಕಳೆಯಬೇಕು. ಗಂಡ ಆ ತಿಂಗಳು ಅತ್ತೆಯ ಮನೆ ಮೆಟ್ಟಿಲು ಹತ್ತುವಂತಿಲ್ಲ. ನನ್ನ ಅಣ್ಣ ಸೇಸಪ್ಪ ಬಂದು ನನ್ನನ್ನು ವರ್ಕಾಡಿಗೆ ಕರೆದುಕೊಂಡು ಹೋದ. ಬಸ್ಸು ಹೊರಡುವಾಗ ಇವರು ವರ್ಕ್‌ಶಾಪಿನ ಎದುರು ಕೈಯಲ್ಲಿ ಸ್ಪಾನರ್ ಹಿಡಿದು ನಿಂತಿದ್ದರು. ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ಕಲ್ಲಿನ ಹಾಗೆ ನಿಲ್ಲುವ ಗಂಡಸು ಎಂದು ನಾನು ದಾರಿಯಿಡೀ ಸಿಟ್ಟು ಮಾಡಿಕೊಂಡೆ.

ನನ್ನ ತಾಯಿಮನೆಯ ಎದುರು ಒಂದು ಗದ್ದೆ, ಗದ್ದೆಯ ಆಚೆ ಕೆಳಗಿನಗುತ್ತು ಎನ್ನುವ ದೊಡ್ಡಮನೆ. ಅಲ್ಲಿಯ ಯಜಮಾನರು ದೇರಣ್ಣ ಆಳ್ವರು. ಭೂಮಿಕಾಣಿ ಇದ್ದವರು, ಒಳ್ಳೆಯ ಮನುಷ್ಯ, ಒಂದೇ ಒಂದು ಚಟ. ಊರು ಬಿಟ್ಟು ಹೋಗುವ ಒಬ್ಬ ಇಂಗ್ಲಿಷ್ ತೋಟಗಾರನಿಂದ ಎರಡು ಸೀಟಿನ ಹಸಿರು ಸ್ಪೋರ್ಟ್ಸ್ ಕಾರು ತಂದಿದ್ದರು. ಆಗಲೇ ಅದು ಹಳತು. ಉದ್ದ ಮೂತಿ, ಬಾನೆಟ್ಟಿನ ಮೇಲೆ ಸೊಂಟಪಟ್ಟಿಯ ಹಾಗೆ ಚರ್ಮದ ಬೆಲ್ಟು, ತಲೆಯ ಮೇಲೆ ಕ್ಯಾನ್ವಾಸು. ಗುತ್ತಿನಲ್ಲಿ ಇಪ್ಪತ್ತು ಜನ, ಕಾರಿನಲ್ಲಿ ಇಬ್ಬರಿಗೆ ಜಾಗ ಎಂದು ಊರು ನಗುತ್ತಿತ್ತು. ಆಳ್ವರಿಗೆ ಅದರ ಪರಿವೆ ಇರಲಿಲ್ಲ. ಸಂಜೆ ಮಂಜೇಶ್ವರದ ಕಡಲ ಬದಿಗೆ ಹೋಗಿ ಬಂದರೆ ಅವರ ಮುಖ ಮಗುವಿನ ಮುಖವಾಗುತ್ತಿತ್ತು. ಆ ವರ್ಷ ಆಟಿಗೆ ಸ್ವಲ್ಪ ಮೊದಲು ಕಾರು ಏರಿನಲ್ಲಿ ಹೊಗೆ ಬಿಟ್ಟು ನಿಂತಿತು. ನೀರಿನ ಪಂಪು ಸೋರುತ್ತಿತ್ತು. ಎತ್ತು ಕಟ್ಟಿ ಎಳೆದು ತಂದು ಗುತ್ತಿನ ಕೊಟ್ಟಿಗೆಯಲ್ಲಿ ನಿಲ್ಲಿಸಿ ವಾಸಣ್ಣನಿಗೆ ಹೇಳಿ ಕಳಿಸಿದರು.

ಹೀಗೆ ನಾನು ತಾಯಿಮನೆಗೆ ಬಂದ ವಾರದಲ್ಲೇ ಗದ್ದೆಯ ಆಚೆ ನನ್ನ ಗಂಡ ಪೆಟ್ಟಿಗೆ ಸಮೇತ ಬಂದಿಳಿದರು. ಅಮ್ಮ ಇದನ್ನು ಕೇಳಿ ತಲೆಯ ಮೇಲೆ ಕೈಹೊತ್ತಳು. ಆಟಿಯಲ್ಲಿ ಅಳಿಯ ಕಣ್ಣಳತೆಯಲ್ಲಿ ಕೂತರೆ ದೂರ ಇಟ್ಟದ್ದಕ್ಕೆ ಎಂತ ಅರ್ಥ ಎಂದು ಅವಳ ದೂರು. ಆದರೆ ಗುತ್ತಿನ ಕೆಲಸಕ್ಕೆ ಬೇಡ ಎನ್ನುವ ಹಾಗಿರಲಿಲ್ಲ. ಇವರು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗುವುದು, ಗುತ್ತಿನಲ್ಲೇ ಊಟ, ನಮ್ಮ ಅಂಗಳಕ್ಕೆ ಕಾಲಿಡುವುದಿಲ್ಲ ಎಂದು ಅಣ್ಣನ ಮೂಲಕ ಒಪ್ಪಂದವಾಯಿತು.

ಆಟಿಯಲ್ಲಿ ತಜಂಕು ತಿನ್ನಬೇಕು ಎನ್ನುತ್ತಾರೆ. ಮಾರ್ಗದ ಬದಿ ತಾನಾಗಿ ಬೆಳೆಯುವ ಸೊಪ್ಪು, ದೇಹಕ್ಕೆ ಒಳ್ಳೆಯದಂತೆ. ಆ ವರ್ಷ ಒಳ್ಳೆಯ ತಜಂಕು ಗುತ್ತಿನ ಕೊಟ್ಟಿಗೆಯ ಹಿಂದೆಯೇ ಬೆಳೆದಿತ್ತು. ಬೇರೆ ಕಡೆ ಇರಲಿಲ್ಲ ಎಂದಲ್ಲ, ನನ್ನ ಕಣ್ಣಿಗೆ ಬೀಳಲಿಲ್ಲ. ದಿನಾ ಬುಟ್ಟಿ ಹಿಡಿದು ಹೋಗುತ್ತಿದ್ದೆ. ದಿನಾ ತಜಂಕಿನ ಪಲ್ಯ ತಿಂದು ನನಗೆ ಸೊಪ್ಪು ಕಂಡರೆ ಓಡುವ ಹಾಗಾಗಿದೆ ಎಂದು ಅಣ್ಣ ಗೊಣಗಿದ. ಅಮ್ಮ ಮಾತ್ರ ದಿನಾ ಸೊಪ್ಪು ಸೋಸಿ ಒಲೆಗೆ ಇಡುತ್ತಿದ್ದಳು. ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ, ಅವಳೂ ಒಂದು ಕಾಲದಲ್ಲಿ ಆಟಿ ಕೂತವಳೇ.

ನಾನು ಹೊರಗೆ ಕೊಡೆ ಹಿಡಿದು ನಿಲ್ಲುವುದು, ಇವರು ಒಳಗೆ ಇಂಜಿನಿನ ಎದುರು ಕುಕ್ಕರಗಾಲಿನಲ್ಲಿ ಕೂತು ಮಾತಾಡುವುದು. ಮಾತೆಂದರೆ ಬೇರೆ ಏನು, ಇಂಜಿನಿನದ್ದೇ. ಪಂಪು ರೇಡಿಯೇಟರಿನ ಹಿಂದೆ ಕೂತಿರುತ್ತದೆ. ಅದನ್ನು ತೆಗೆಯಲು ರೇಡಿಯೇಟರು ಕಳಚಬೇಕು, ಬೆಲ್ಟು ಕಳಚಬೇಕು. ಅಷ್ಟು ಕಳಚಿದ ಮೇಲೆ ಇಂಜಿನಿನ ಮುಂದಿನ ಮುಚ್ಚಳ ಕಣ್ಣೆದುರೇ ಉಂಟಲ್ಲ, ಅದನ್ನು ತೆಗೆದು ಚೈನು ನೋಡದೆ ಹೇಗೆ ಬಿಡುವುದು? ಚೈನು ಕಡಿದರೆ ಇಂಜಿನೇ ಹೋಗುತ್ತದೆ. ನೋಡಿದರೆ ಚೈನು ಸವೆದಿತ್ತು, ದೊಡ್ಡ ಚಕ್ರದ ಹಲ್ಲು ತಿಂದುಹೋಗಿತ್ತು. ಆಯಿಲು ತಡೆಯುವ ಸೀಲು ಕಲ್ಲಾಗಿತ್ತು. ರಬ್ಬರಿನ ಕೊಳವೆಗಳು ಹೊರಗಿನಿಂದ ಚೆನ್ನಾಗಿಯೇ ಇದ್ದವು, ಒಳಗೆ ಚರ್ಮ ಸುಲಿದಿತ್ತು. ಪ್ರತಿಯೊಂದನ್ನೂ ತೆಗೆದು ನನಗೆ ತೋರಿಸುತ್ತಿದ್ದರು, ಆಮೇಲೆ ಆಳ್ವರಿಗೆ ತೋರಿಸಿ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿಡುತ್ತಿದ್ದರು. ತೆಗೆದ ಹಳತನ್ನು ಯಜಮಾನನ ಕೈಗೆ ಒಪ್ಪಿಸುವುದು ಇವರ ಪದ್ಧತಿ. ಹೊಸ ಸಾಮಾನಿಗೆ ಆಳ್ವರು ಮಂಗಳೂರಿನ ಮೂಲಕ ಮದ್ರಾಸಿಗೆ ತಂತಿ ಕಳಿಸಿದರು.

ಒಂದು ದಿನ ನಾನು ಕೇಳಿಯೇಬಿಟ್ಟೆ. "ನಿಜವಾಗಿ ಇಷ್ಟೆಲ್ಲ ಬದಲಿಸ್ಲಿಕ್ಕೆ ಉಂಟಾ? ಇಲ್ಲ ಆಟಿ ಮುಗಿಯುವವರೆಗೆ ಇಲ್ಲಿ ಕೂರ್ಲಿಕ್ಕೆ ಒಂದು ನೆಪವಾ?"

ಅವರು ಸವೆದ ಚೈನನ್ನು ಅಡ್ಡ ಹಿಡಿದು ತೋರಿಸಿದರು. ಅದು ಹಗ್ಗದ ಹಾಗೆ ಜೋತುಬಿತ್ತು. "ಹೊಸತು ಹೀಗೆ ಹಿಡಿದರೆ ನೆಟ್ಟಗೆ ನಿಲ್ತದೆ. ಇದು ನೋಡು, ಮುದುಕಿಯ ಬೆನ್ನು. ಕೆಲಸದಲ್ಲಿ ನಾನು ಸುಳ್ಳು ಹೇಳುವುದಿಲ್ಲ ಮಾರಾಯ್ತಿ."

ಅಷ್ಟು ಹೇಳಿ ತಲೆ ತಗ್ಗಿಸಿ ಸೀಮೆಎಣ್ಣೆಯ ತಟ್ಟೆಗೆ ಕೈಹಾಕಿದರು. ನನಗೆ ಬೇಸರವಾಯಿತು ಎಂದರೆ ಯಾರಾದರೂ ನಂಬಿಯಾರೇ? ಗಂಡ ಸತ್ಯವಂತ ಎಂದು ಹೆಮ್ಮೆಪಡಬೇಕಾದ ಹೊತ್ತಿನಲ್ಲಿ, ಹೌದು ನಿನಗಾಗಿಯೇ ಎಂದು ಒಂದು ಸುಳ್ಳಾದರೂ ಹೇಳಬಾರದಿತ್ತೇ ಎನಿಸಿತು. ಬುಟ್ಟಿಯಲ್ಲಿ ಸೊಪ್ಪು ಅರ್ಧವೂ ತುಂಬಿರಲಿಲ್ಲ, ಹಾಗೆಯೇ ಮನೆಗೆ ಬಂದೆ.

ಆಟಿ ಅಮಾವಾಸ್ಯೆಗೆ ವಾರವಿರುವಾಗ ಮದ್ರಾಸಿನ ಸಾಮಾನು ರೈಲಿನಲ್ಲಿ ಬಂತು. ಪಂಪು, ಚೈನು, ದೊಡ್ಡ ಚಕ್ರ, ಸೀಲು, ಕೊಳವೆ ಎಲ್ಲ ಬಂತು. ಇನ್ನು ಎರಡು ದಿನದಲ್ಲಿ ಕಾರು ಓಡುತ್ತದೆ ಎಂದು ಆಳ್ವರು ಚರ್ಮದ ಬೆಲ್ಟಿಗೆ ಎಣ್ಣೆ ಹಚ್ಚಿಸಿ ತಯಾರಾದರು. ಕೆಲಸ ಮುಗಿದರೆ ಇವರು ಹೊಸಂಗಡಿಗೆ, ನಾನು ಇನ್ನೂ ಅರ್ಧ ಆಟಿ ಇಲ್ಲಿ. ಮಾರನೆಯ ದಿನ ತಜಂಕಿಗೆ ಹೋದಾಗ ಇವರು ನನ್ನ ಮುಖ ನೋಡದೆ, ಇನ್ನೂ ಒಂದು ಸಾಮಾನು ಬರಬೇಕು ಎಂದರು. ಚೈನಿನ ಕೆಳಗಿನ ಚಿಕ್ಕ ಚಕ್ರ. ಅದರ ಹಲ್ಲು ಸವೆದಿದೆ, ಹೊಸ ಚೈನಿಗೆ ಹಳೆಯ ಚಕ್ರ ಹಾಕಿದರೆ ಚೈನನ್ನೇ ತಿಂದುಬಿಡುತ್ತದೆ ಎಂದರು. ಆಳ್ವರಿಗೂ ಹೇಳಿಯಾಗಿತ್ತು. ಅವರು ಸ್ವಲ್ಪ ಮುಖ ಸಣ್ಣದು ಮಾಡಿದರೂ, ಆಟಿಯಲ್ಲಿ ಎಲ್ಲಿಗೆ ಹೋಗ್ಲಿಕ್ಕೆ ಉಂಟು, ಬರಲಿ ಬಿಡು ಎಂದು ಇನ್ನೊಂದು ತಂತಿ ಕಳಿಸಿದ್ದರು. ವಾಸಣ್ಣ ಹೇಳಿದರೆ ಅದಕ್ಕೆ ಎರಡು ಮಾತಿಲ್ಲ. ಆ ಚಕ್ರವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಡಬ್ಬದ ಅಡಿಗೆ ಹಾಕಿದ್ದರು. ಉಳಿದದ್ದನ್ನೆಲ್ಲ ತೋರಿಸಿದವರು ಅದನ್ನು ಮಾತ್ರ ತೋರಿಸಲಿಲ್ಲ. ನಾನೂ ಕೇಳಲಿಲ್ಲ, ಇನ್ನೊಂದು ವಾರ ಸಿಕ್ಕಿತಲ್ಲ ಎನ್ನುವ ಸಂತೋಷದಲ್ಲಿ ಚಕ್ರ ಯಾರಿಗೆ ಬೇಕಿತ್ತು?

ಆ ವಾರದಷ್ಟು ಸುಖವಾಗಿ ನಾನು ಮತ್ತೆ ಇರಲಿಲ್ಲ. ಇವರಿಗೆ ಕೆಲಸವಿರಲಿಲ್ಲ. ಕೂಡಿಸುವ ಜಾಗಗಳನ್ನು ಒರೆಸಿ, ಕಾಗದ ಕತ್ತರಿಸಿ, ಅರಗನ್ನು ಕರಗಿಸಿ ಇಟ್ಟು, ಚಕ್ರ ಬಂದರೆ ಹಾಕಿ ಮುಚ್ಚುವುದೊಂದೇ ಬಾಕಿ ಎಂದು ಕೂತಿದ್ದರು. ಕೊಟ್ಟಿಗೆಯ ತುಂಬ ಅರಗಿನ ವಾಸನೆ. ಮಾತು ಇಂಜಿನು ಬಿಟ್ಟು ಬೇರೆ ಕಡೆಗೂ ಹರಿಯಿತು. ಆಟಿ ಮುಗಿದು ಸೋಣ ತಿಂಗಳು ಬಂದ ಮೇಲೆ ವರ್ಕ್‌ಶಾಪಿನ ಹಿಂದೆ ಒಂದು ಅಡುಗೆಮನೆ ಕಟ್ಟುವ ಮಾತು, ನನ್ನನ್ನು ಮುಂದೆ ಓದಿಸುವ ಮಾತು. ಮಿಲಿಟರಿಯಲ್ಲಿ ಕಂಡ ಊರುಗಳ ಹೆಸರು ಹೇಳಿ, ಅಲ್ಲೆಲ್ಲ ಆಟಿ ಇಲ್ಲ ಗೊತ್ತುಂಟಾ ಎಂದು ನಕ್ಕರು.

ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವುದು ನಮ್ಮ ಕ್ರಮ. ಅಣ್ಣ ಸೂರ್ಯ ಹುಟ್ಟುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ಕೆತ್ತೆ ತಂದಿದ್ದ. ವರ್ಷಕ್ಕೊಮ್ಮೆ ಆ ವಿಷದಂಥ ಕಹಿ ಕುಡಿದರೆ ರೋಗ ಹತ್ತಿರ ಸುಳಿಯುವುದಿಲ್ಲ. ಕುಡಿದ ಮೇಲೆ ಅದರ ಉಷ್ಣ ಇಳಿಯಲು ಮೆಂತೆ ಗಂಜಿ. ಅಮ್ಮ ಒಂದು ಲೋಟ ಅಳಿಯನಿಗೂ ಕಳಿಸಿದಳು. ಇವರು ಮೂಗು ಹಿಡಿದು ಕುಡಿದು, ಇದು ನಮ್ಮ ಇಂಜಿನಿನ ಆಯಿಲು ಬದಲಿಸುವುದು ಎಂದು ಅಣ್ಣನಿಗೆ ಹೇಳಿದರಂತೆ. ಹೊಟ್ಟೆಗೆ ಬಾನೆಟ್ಟು ಇದ್ದಿದ್ದರೆ ಬಿಚ್ಚಿ ನೋಡುತ್ತಿದ್ದರು, ಮನುಷ್ಯನ ಹೊಟ್ಟೆಗೆ ಅದಿಲ್ಲ.

ಮಾರನೆಯ ದಿನ ಹೊಟ್ಟೆನೋವು ಶುರುವಾಯಿತು. ಎಲ್ಲರ ಬಾಯಲ್ಲೂ ಒಂದೇ ಮಾತು, ಕಷಾಯದ ಉಷ್ಣ. ವರ್ಷ ವರ್ಷ ಯಾರಿಗಾದರೂ ಹೀಗಾಗುವುದು ಇದ್ದದ್ದೇ. ಅಮ್ಮ ಮೆಂತೆ ಗಂಜಿ ಕಳಿಸಿದಳು, ಮಜ್ಜಿಗೆ ಕಳಿಸಿದಳು, ಹೊಕ್ಕುಳಿಗೆ ಎಣ್ಣೆ ಹಚ್ಚಲು ಹೇಳಿದಳು. ಸಂಜೆಗೆ ನೋವು ಬಲಬದಿಗೆ ಇಳಿಯಿತು, ವಾಂತಿಯಾಯಿತು. ಕಹಿ ಹೊರಗೆ ಬಂತು, ಇನ್ನು ಗುಣ ಎಂದರು. ಗುಣವಾಗಲಿಲ್ಲ. ಎರಡನೆಯ ದಿನ ಅಮ್ಮ ತಾನೇ ಗದ್ದೆಯ ಹುಣಿ ದಾಟಿ ಹೋಗಿ, ಮಗನ ಹೆಗಲು ಹಿಡಿಸಿಕೊಂಡು ಅಳಿಯನನ್ನು ಮನೆಯೊಳಗೆ ಕರೆದು ತಂದಳು. ಆಟಿಯ ಕಟ್ಟು ಮುರಿದವಳು ಅವಳೇ. ಹಾಸಿಗೆಯಲ್ಲಿ ಮುದುಡಿಕೊಂಡೇ ಇವರು ನನ್ನನ್ನು ನೋಡಿ, ಆಟಿಯಲ್ಲಿ ಅತ್ತೆ ಮನೆಗೆ ಬಂದ ಅಳಿಯ ನಾನೊಬ್ಬನೇ ಎಂದು ನಗಲು ನೋಡಿದರು.

ಆ ಮಧ್ಯಾಹ್ನ ನೋವು ಒಮ್ಮೆಲೇ ನಿಂತಿತು. ಇವರು ಕಾಲು ಚಾಚಿ ಮಲಗಿದರು, ಬೆವರು ಆರಿತು, ನಿದ್ದೆ ಹತ್ತಿತು. ಅಮ್ಮ ದೇವರ ಕೋಣೆಯಲ್ಲಿ ದೀಪ ಹಚ್ಚಿದಳು. ನಾನು ಎರಡು ದಿನದ ಹಸಿವೆಲ್ಲ ತೀರುವ ಹಾಗೆ ಉಂಡೆ. ಒಳಗೆ ಅಪೆಂಡಿಕ್ಸು ಒಡೆದಾಗ ನೋವು ಹಾಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಆ ಊಟದ ನೆನಪಾದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಬೆಳಗಾಗುವಾಗ ಮೈ ಸುಡುತ್ತಿತ್ತು, ಹೊಟ್ಟೆ ಹಲಗೆಯಾಗಿತ್ತು. ಸುದ್ದಿ ತಿಳಿದು ಆಳ್ವರು ಓಡಿ ಬಂದರು. ಮುಟ್ಟಿ ನೋಡಿ, ಇದು ಕಷಾಯ ಅಲ್ಲ, ಮಂಗಳೂರಿಗೆ ಮುಟ್ಟಿಸಬೇಕು ಎಂದರು. ಮಂಜೇಶ್ವರದಲ್ಲಿ ಬೆಳಗಿನ ರೈಲು ಹಿಡಿದರೆ ಆಯಿತು. ಆದರೆ ಹೋಗುವುದು ಹೇಗೆ? ದಾರಿಯಲ್ಲಿ ಹೊಳೆಗೆ ಹಾಕಿದ ಮರದ ಸಂಕದ ಒಂದು ದಿಮ್ಮಿ ನೆರೆಗೆ ಜಾರಿ, ಬಸ್ಸು ನಿಂತು ವಾರವಾಗಿತ್ತು. ಗಾಡಿ ಕಟ್ಟಿದರೆ ರೈಲು ಸಿಗುವುದಿಲ್ಲ. ಬಸ್ಸಿನ ಭಾರ ತಡೆಯದ ಸಂಕ ನನ್ನ ಕಾರಿನ ಭಾರ ತಡೀತಿತ್ತು ಎಂದು ಆಳ್ವರು ಹೇಳಿದಾಗ ಎಲ್ಲರೂ ಗದ್ದೆಯ ಆಚೆ ನೋಡಿದೆವು. ಕೊಟ್ಟಿಗೆಯಲ್ಲಿ ಕಾರು ರೇಡಿಯೇಟರಿಲ್ಲದೆ ಬಾಯಿ ತೆರೆದು ನಿಂತಿತ್ತು.

ಆ ಮಾತು ಇವರ ಕಿವಿಗೆ ಬಿದ್ದಿರಬೇಕು. ಕಣ್ಣು ಬಿಟ್ಟು, "ಡಬ್ಬದಲ್ಲಿ ಚಕ್ರ ಉಂಟು. ಅದನ್ನೇ ಹಾಕಿ. ಅದೇ ಆಗ್ತದೆ" ಎಂದರು. ಗೋಡೆ ಹಿಡಿದು ಏಳಲು ಹೋದರು. ಕೊಟ್ಟಿಗೆಗೆ ಹೋಗಬೇಕು, ಒಂದು ಗಂಟೆ ಸಾಕು, ಮುಚ್ಚಿ ಕೊಡುತ್ತೇನೆ ಎಂದರು. ಅಣ್ಣ ಹಿಡಿದು ಮಲಗಿಸಿದ. ಆಳ್ವರ ಕಣ್ಣಲ್ಲಿ ನೀರು ಬಂತು. ನನ್ನ ಕಡೆ ತಿರುಗಿ, "ಜ್ವರ ನೆತ್ತಿಗೇರಿದೆ ಮಗಾ. ಸವೆದದ್ದು ಅಂತ ಅವನೇ ಅಲ್ವಾ ಹೇಳಿದ್ದು" ಎಂದರು. ಇವರು ನನ್ನ ಸೆರಗು ಹಿಡಿದು, ನೀನಾದರೂ ಹೇಳು, ಅದೇ ಆಗ್ತದೆ ಎಂದು ಮತ್ತೆ ಮತ್ತೆ ಹೇಳಿದರು. ಹಟಮಾಡುವ ಮಗುವನ್ನು ಸಮಾಧಾನ ಮಾಡುವ ಹಾಗೆ ನಾನು ಹಣೆ ಒರೆಸಿ, ಆಗಲಿ ಆಗಲಿ ಎಂದೆ.

ಗುತ್ತಿನ ಕೈಕುರ್ಚಿಗೆ ಎರಡು ಬಿದಿರು ಕಟ್ಟಿ, ಅದರಲ್ಲಿ ಕೂರಿಸಿ ನಾಲ್ಕು ಜನ ಹೊತ್ತರು. ಮಳೆ ಎಂದರೆ ಅಂಥ ಮಳೆ. ನಾನು ಕೊಡೆ ಹಿಡಿದು ಪಕ್ಕದಲ್ಲೇ ಓಡಿದೆ. ಮಳೆಗಾಲಕ್ಕೆ ಮೊದಲೇ ಕಡ್ಡಿ ಬಿಗಿ ಮಾಡಿಟ್ಟ ಕೊಡೆ, ಆ ಗಾಳಿಗೂ ಮಡಚಲಿಲ್ಲ. ಸಂಕ ದಾಟುವಾಗ ಒಬ್ಬರ ಹಿಂದೆ ಒಬ್ಬರು ಹೆಜ್ಜೆ ಹುಡುಕುತ್ತ ದಾಟಿದರು. ಮಂಜೇಶ್ವರದ ಸ್ಟೇಷನ್ನು ಕಣ್ಣಿಗೆ ಬೀಳುವಾಗ ರೈಲು ಹೊರಟು ಅದರ ಹೊಗೆ ಮಾತ್ರ ತೆಂಗಿನ ಮರಗಳ ಮೇಲೆ ಉಳಿದಿತ್ತು. ಸಂಜೆಯ ರೈಲಿನವರೆಗೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಲಗಿಸಿದೆವು. ಮೊದಮೊದಲು ಚಕ್ರದ ಮಾತೇ ಆಡುತ್ತಿದ್ದರು. ಮಧ್ಯಾಹ್ನದ ಮೇಲೆ ಅದೂ ನಿಂತಿತು. ಮಂಗಳೂರಿನ ಆಸ್ಪತ್ರೆಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಯಾವಾಗಿನಿಂದ ಎಂದು ಕೇಳಿದರು, ಅಣ್ಣ ಹೇಳಿದ. ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಾರನೆಯ ದಿನ ಹೊತ್ತೇರುವ ಮೊದಲು ಇವರು ಹೋದರು.

ಉತ್ತರಕ್ರಿಯೆಯ ದಿನ ಆಳ್ವರು ನನ್ನ ಅಣ್ಣನ ಹತ್ತಿರ ಹೇಳಿದ್ದು ಒಳಗಿದ್ದ ನನಗೂ ಕೇಳಿಸಿತು. ಕಾರು ಓಡುವ ಹಾಗಿದ್ದಿದ್ದರೆ ನೋವು ಶುರುವಾದ ದಿನವೇ ನಾನು ಅವನನ್ನು ಮಂಗಳೂರಿಗೆ ಹಾಕುತ್ತಿದ್ದೆ, ಕಷಾಯ ಗಿಷಾಯ ಕೇಳ್ತಿರಲಿಲ್ಲ ಎಂದರು. ಅದು ಒಳ್ಳೆಯ ಮನಸ್ಸಿನ ಮಾತು, ಆದರೆ ಊರಿಗೆ ಅಷ್ಟು ಸಾಕಾಯಿತು. ಅತ್ತೆ ಎಲ್ಲರ ಎದುರಿಗೇ ಹೇಳಿದರು: "ಕೆಲಸ ಎಂತದೂ ಇರಲಿಲ್ಲ. ಹೆಂಡತಿಯ ಮುಖ ನೋಡ್ಲಿಕ್ಕೆ ಕಾರು ಬಿಚ್ಚಿ ಹಾಕಿ ಕೂತ. ಇವಳೇ ತಿಂದಳು ನನ್ನ ಮಗನನ್ನು."

ಅದಕ್ಕೆ ಉತ್ತರ ಕೊಡುವುದರಲ್ಲೇ ನನ್ನ ಆಯುಷ್ಯ ಹೋಯಿತು. ಹಾಗಲ್ಲ, ಅವರು ಕೆಲಸದಲ್ಲಿ ಸುಳ್ಳು ಹೇಳಿದವರಲ್ಲ, ಬದಲಿಸಬೇಕಾದ್ದನ್ನೇ ಬದಲಿಸಿದ್ದಾರೆ ಎಂದು ಬಾಯಿ ನೋಯುವವರೆಗೆ ಹೇಳಿದೆ. ಆಳ್ವರ ಸಹಾಯದಿಂದ ಟ್ರೈನಿಂಗು ಮುಗಿಸಿ ವರ್ಕಾಡಿಯ ಶಾಲೆಗೆ ಟೀಚರಾಗಿ ಸೇರಿದೆ. ಸೋಣದಲ್ಲಿ ಆ ಚಿಕ್ಕ ಚಕ್ರ ಬಂತು, ಮಂಗಳೂರಿನಿಂದ ಯಾರೋ ಬಂದು ಹಾಕಿ ಮುಚ್ಚಿದರು. ಕಾರು ವರ್ಷಗಟ್ಟಲೆ ಒಂದು ಹನಿ ನೀರು ಸೋರದೆ ಓಡಿತು. ಶಾಲೆಯ ಎದುರಿನಿಂದ ಅದು ಹೋಗುವ ಸದ್ದು ಕೇಳಿದರೆ ನಾನು ಮಕ್ಕಳಿಗೆ ಮಗ್ಗಿ ಜೋರಾಗಿ ಹೇಳಿಸುತ್ತಿದ್ದೆ. ಕೊನೆಗೆ ಆಳ್ವರು ಅದನ್ನು ಮಾರಿದರು. ಮಾರುವಾಗ ಇವರ ಸ್ಪಾನರುಗಳನ್ನೂ ಆ ಬಿಸ್ಕತ್ತಿನ ಡಬ್ಬವನ್ನೂ ನನಗೆ ಕಳಿಸಿಕೊಟ್ಟರು.

ಬಾಯಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು. ಹಗಲು ಅವರ ಸತ್ಯಕ್ಕಾಗಿ ಜಗಳ ಮಾಡಿದವಳು, ಮಲಗುವಾಗ ಅತ್ತೆಯ ಮಾತೇ ನಿಜವಾಗಿರಲಿ ಎಂದು ಬಯಸುತ್ತಿದ್ದೆ. ಹೆಂಡತಿಗಾಗಿ ಬಿಚ್ಚಿದರು ಎಂದಾದರೆ ಅವರು ಸತ್ತದ್ದು ನನ್ನಿಂದ. ಹಾಗಲ್ಲ ಎಂದಾದರೆ ಮೂರು ತಿಂಗಳ ಆ ಸಂಸಾರದಲ್ಲಿ ನನಗೆಂದು ಉಳಿದದ್ದು ಒಂದು ಕೊಡೆ. ಡಬ್ಬವನ್ನು ನಾನು ಬಿಚ್ಚಲಿಲ್ಲ. ಯಾವ ಉತ್ತರ ಸಿಕ್ಕಿದರೂ ತಡೆಯುವ ಶಕ್ತಿ ಇರಲಿಲ್ಲ.

ಈಗ ಶಕ್ತಿ ಬಂತೆಂದಲ್ಲ, ವಯಸ್ಸಾಯಿತು. ಇಸ್ಮಾಯಿಲನ ಗ್ಯಾರೇಜಿಗೆ ಡಬ್ಬ ಕೊಂಡುಹೋದೆ. ತುಕ್ಕು ಹಿಡಿದ ಮುಚ್ಚಳವನ್ನು ಅವನು ಸುತ್ತಿಗೆಯಲ್ಲಿ ತಟ್ಟಿ ತೆಗೆದ. ಒಂದೊಂದನ್ನೇ ಸೀಮೆಎಣ್ಣೆಯಲ್ಲಿ ತೊಳೆದು ನೋಡಿದ. ಪಂಪಿನ ಕೋಲನ್ನು ಉಗುರಿನಲ್ಲಿ ಕೆರೆದು, ಇದು ಮುಗಿದದ್ದೇ ಎಂದ. ಚೈನಿನ ತುಕ್ಕು ಬಿಡಿಸಿ ಅಡ್ಡ ಹಿಡಿದ. ಅದು ಅಂದಿನ ಹಾಗೆಯೇ ಜೋತುಬಿತ್ತು. ದೊಡ್ಡ ಚಕ್ರದ ಹಲ್ಲುಗಳು ಕಾಗೆಯ ಕೊಕ್ಕಿನ ಹಾಗೆ ಬಾಗಿದ್ದವು. ಸೀಲು, ಕೊಳವೆ ಎಲ್ಲವೂ ಹೋದದ್ದೇ. ಬಿಚ್ಚಿದವರು ಯಾರೋ ಕೆಲಸ ಗೊತ್ತಿದ್ದ ಮನುಷ್ಯ ಟೀಚರೇ, ಇದರಲ್ಲಿ ಒಂದನ್ನು ಬಿಟ್ಟಿದ್ದರೂ ಆ ಇಂಜಿನು ಉಳಿಯುತ್ತಿರಲಿಲ್ಲ ಎಂದ. ನಾನು ಗೆದ್ದಿದ್ದೆ. ಅತ್ತೆ ಬದುಕಿದ್ದರೆ ಕರೆತಂದು ಕೇಳಿಸಬಹುದಿತ್ತು. ಎದೆಯೊಳಗೆ ಮಾತ್ರ ಒಂದೊಂದು ಸಾಮಾನಿಗೂ ಒಂದೊಂದು ದೀಪ ನಂದಿದ ಹಾಗಾಯಿತು.

ಕೊನೆಗೆ ಅಡಿಯಲ್ಲಿದ್ದ ಎಣ್ಣೆಬಟ್ಟೆಯ ಗಂಟು ಬಿಚ್ಚಿದ. ಚಿಕ್ಕ ಚಕ್ರವನ್ನು ಒರೆಸಿದ. ಬೆಳಕಿಗೆ ಹಿಡಿದು ತಿರುಗಿಸಿದ, ಹೆಬ್ಬೆರಳಿನಿಂದ ಹಲ್ಲುಗಳನ್ನು ಒಂದೊಂದಾಗಿ ಸವರಿದ, ಕನ್ನಡಕ ತೆಗೆದು ಮತ್ತೆ ನೋಡಿದ. ಎಲ್ಲ ಹಲ್ಲೂ ನೆಟ್ಟಗೆ ಇದ್ದವು.

"ಇದನ್ನು ಯಾಕೆ ತೆಗೆದರು ಅಂತ ಗೊತ್ತಾಗುವುದಿಲ್ಲ ಟೀಚರೇ. ಇದಕ್ಕೆ ಸವೆತವೇ ಇಲ್ಲ. ಯಾರೋ ಸ್ವಲ್ಪ ಮೊದಲು ಹೊಸತು ಹಾಕಿದ್ದಿರಬೇಕು. ಉಳಿದದ್ದನ್ನೆಲ್ಲ ಅಷ್ಟು ಸರಿಯಾಗಿ ನೋಡಿದವರಿಗೆ ಇದು ಕಾಣದೆ ಹೋಗ್ಲಿಕ್ಕೆ ಸಾಧ್ಯವೇ ಇಲ್ಲ."

"ಬದಲಿಸ್ಲಿಕ್ಕೆ ಇರಲಿಲ್ವಾ?" ಎಂದು ಕೇಳಿದೆ.

"ಇಲ್ಲ. ಹೊಸತು ಯಾಕೆ? ಇದೇ ಆಗ್ತದೆ."

ಚಕ್ರವನ್ನು ಅವನ ಕೈಯಿಂದ ತೆಗೆದುಕೊಂಡೆ. ಆ ಬೆಳಿಗ್ಗೆ ಸೆರಗು ಹಿಡಿದು ಅವರು ಹೇಳಿದ್ದೂ ಇದೇ ಮಾತು, ಜ್ವರವೆಂದು ನಾನು ಹಣೆ ಒರೆಸಿದ್ದೆ. ನನಗಾಗಿ ಒಂದು ಸುಳ್ಳಾದರೂ ಹೇಳಬಾರದಿತ್ತೇ ಎಂದು ಇಷ್ಟು ವರ್ಷ ಕೊರಗಿದವಳು ನಾನು. ಹೇಳಿದ್ದರು, ಒಂದೇ ಒಂದು. ಅದನ್ನು ಹೇಳದೆ ಇದ್ದಿದ್ದರೆ ಅಮಾವಾಸ್ಯೆಗೆ ಮೊದಲೇ ಕಾರು ಓಡುತ್ತಿತ್ತು.